ಹಳೇ ಕಲ್ಲುಕಂಬ, ಚಪ್ಪಡಿ: ಕೊಳ್ಳುವ ಮುನ್ನ ತಟ್ಟಿ ನೋಡಿ

ಹಳೇ ತೊಟ್ಟಿಮನೆಗಳನ್ನು ಕೆಡವಿದಾಗ ಸಿಗುವ ಗ್ರಾನೈಟ್ ಕಂಬ, ಬೋದಿಗೆ (ಕಂಬದ ತಲೆಯ ಮೇಲೆ ಕೂತು ತೊಲೆ ಹೊರುವ ಕಲ್ಲು), ಚಪ್ಪಡಿಗಳು ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಮಾರಾಟಕ್ಕೆ ಬರುತ್ತವೆ. ಕಲ್ಲಿಗೆ ಪೂರ್ತಿ ಅಂಕ ಕೊಡಬಹುದು. ಕೈಯುಳಿಯ ಗುರುತಿರುವ, ಓಡಾಡಿ ಓಡಾಡಿ ನುಣುಪಾದ ಆ ಮೈ ಯಂತ್ರದಲ್ಲಿ ಕೊಯ್ದ ಹೊಸ ಕಲ್ಲಿಗೆ ಬರುವುದಿಲ್ಲ. ಆದರೆ ಆರಿಸುವ ಕೆಲಸ ಕೊಳ್ಳುವವರದ್ದೇ.

ಇರುವುದರಲ್ಲಿ ಕಂಬವೇ ಒಳ್ಳೆಯ ಸರಕು. ನೇರ ಭಾರ ಹೊರುವುದರಲ್ಲಿ ಕಲ್ಲನ್ನು ಮೀರಿಸುವುದು ಕಷ್ಟ. ಕಂಬವನ್ನು ಎರಡು ಮರದ ದಿಮ್ಮಿಗಳ ಮೇಲೆ ಮಲಗಿಸಿ, ಅಡಿಗೊಂದು ಕಡೆ ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಲ್ಲು ಖಣ್ಣನೆ ನುಡಿಯುತ್ತದೆ, ಒಳಗೆ ಸೀಳಿದ್ದರೆ ಸದ್ದು ಮಂಕಾಗುತ್ತದೆ. ಮೇಲೆ ನೀರು ಎರಚಿ ಕಾಯಿರಿ: ಮೈ ಒಣಗಿದ ಮೇಲೂ ಬಿರುಕಿನ ಗೆರೆ ಒದ್ದೆಯಾಗಿಯೇ ಇರುತ್ತದೆ. ಆಯಿಲ್ ಪೇಂಟ್ ಬಳಿದಿದ್ದರೆ ಇದು ಕಾಣುವುದಿಲ್ಲ. ರಾಸಾಯನಿಕ ಹಚ್ಚಿ ಬಣ್ಣ ತೆಗೆಸಿ, ಸ್ಯಾಂಡ್ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಮರಳು ಚಿಮ್ಮಿಸಿ ಉಜ್ಜುವುದು) ಬೇಡವೇ ಬೇಡ, ಉಳಿಯ ಗುರುತೆಲ್ಲ ಹೋಗುತ್ತದೆ. ತುದಿಯಲ್ಲಿ ಹಳೇ ಕಬ್ಬಿಣದ ಸರಳು ಉಳಿದಿದ್ದರೆ ಕೊರೆದು ತೆಗೆಸಿ. ತುಕ್ಕು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಆ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಸರಳು ಹಾಕಿಸಿ.

ತೂಕ ಮರೆಯಬೇಡಿ. ಗ್ರಾನೈಟ್ ಘನ ಅಡಿಗೆ ಸುಮಾರು 75 ಕೆಜಿ; 9 ಇಂಚು ಚೌಕದ 8 ಅಡಿ ಕಂಬ ಎಂದರೆ ಸುಮಾರು 340 ಕೆಜಿ. ಎತ್ತಲು ಬಟ್ಟೆಯ ಬೆಲ್ಟ್ ಬಳಸಿ. ಕಬ್ಬಿಣದ ಸರಪಳಿ ಅಂಚು ಒಡೆಯುತ್ತದೆ. ಪಾದಗಲ್ಲಿನ ಮೇಲೆ ಕಂಬದ ತಳ ಪೂರ್ತಿ ಕೂರಬೇಕು. ಒಂದು ಮೂಲೆಯಷ್ಟೇ ತಾಗಿದರೆ ಭಾರವೆಲ್ಲ ಅಲ್ಲಿಗೇ ಬಿದ್ದು ಚಕ್ಕೆ ಏಳುತ್ತದೆ.

ಚಪ್ಪಡಿಯ ವಿಷಯದಲ್ಲಿ ನಮ್ಮ ಮಾತು ಖಚಿತ: ಮಾಳಿಗೆಗೆ ಹಾಸಿದ್ದನ್ನು ನೆಲಕ್ಕೆ ಹಾಸಿ, ಮತ್ತೆ ಮಾಳಿಗೆಗೆ ಏರಿಸಬೇಡಿ. ಬಾಗುವ ಒತ್ತಡಕ್ಕೆ ಕಲ್ಲು ದುರ್ಬಲ, ಬಿರುಕು ಶುರುವಾಗುವುದು ಅಡಿಮೈಯಲ್ಲಿ. ದಪ್ಪ ಒಂದೇ ಸಮ ಇರುವುದಿಲ್ಲ. ಮೇಲ್ಮೈ ಉಜ್ಜಿಸದೆ ಕೆಳಗಿನ ಗಾರೆಯಲ್ಲಿ (ಸುಣ್ಣ 1, ಮರಳು 3) ಮಟ್ಟ ಸರಿಮಾಡಿ. ಸುಣ್ಣದ ಗಾರೆ ಅಂಟಿರುವ ಚಪ್ಪಡಿ ಸಿಕ್ಕರೆ ಅದನ್ನೇ ಆರಿಸಿ, ಕೆರೆದರೆ ಉದುರುತ್ತದೆ. ಸಿಮೆಂಟ್ ಬಿಡಿಸುವಾಗ ಅಂಚೂ ಕಿತ್ತುಬರುತ್ತದೆ.

ಯಾವ ಮನೆಯ ಕಲ್ಲು ಎಂದು ಬರಹದಲ್ಲಿ ಕೇಳಿ. 100 ವರ್ಷ ದಾಟಿದ, ಕಟ್ಟಡದಿಂದ ಬೇರ್ಪಡಿಸಿದ ವಸ್ತು 1972ರ ಪುರಾತನ ವಸ್ತು ಕಾಯ್ದೆಯ ವ್ಯಾಖ್ಯೆಯೊಳಗೆ ಬರಬಹುದು. ಅಂಥದ್ದನ್ನು ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು. ವೀರಗಲ್ಲು, ಶಾಸನದ ತುಂಡು, ಗುಡಿಯ ಕಂಬ ಅಂಗಡಿಯಲ್ಲಿ ಕಂಡರೆ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ, ಪುರಾತತ್ವ ಇಲಾಖೆಗೆ ತಿಳಿಸಿ.