ಲೆನ್ಸ್‌ನಿಂದ ಹಾಳಾದ ಕಣ್ಣಿಗೆ ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್: ಎರಡು ವರ್ಷದ ಬಳಕೆಯ ನಂತರ

ಹದಿಮೂರು ವರ್ಷ ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸ್ ಹಾಕಿದೆ. ಬೆಳಿಗ್ಗೆ ಏಳಕ್ಕೆ ಹಾಕಿದರೆ ರಾತ್ರಿ ಹನ್ನೊಂದಕ್ಕೇ ತೆಗೆಯುವುದು, ಎಷ್ಟೋ ಸಲ ಬಸ್ಸಲ್ಲಿ ಹಾಗೇ ನಿದ್ದೆ. ಕಡೆಗೆ ಕಣ್ಣಲ್ಲಿ ಸದಾ ಮರಳು ಬಿದ್ದ ಹಾಗೆ. ಡಾಕ್ಟರು ಬಣ್ಣ ಹಾಕಿ, ನೀಲಿ ಬೆಳಕು ಬಿಟ್ಟು, ಫೋಟೋ ತೆಗೆದು ತೋರಿಸಿದರು. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ತುಂಬಾ ಹಸಿರು ಚುಕ್ಕಿ (ಪೆಟ್ಟಾದ ಕಡೆ ಬಣ್ಣ ಹಿಡಿದದ್ದು), ಅಂಚಿನಿಂದ ಕೂದಲೆಳೆಯಂಥ ರಕ್ತನಾಳಗಳು ಒಳಗೆ ಬಂದಿದ್ದವು. ಕಾರ್ನಿಯಾಕ್ಕೆ ಆಮ್ಲಜನಕ ಹೆಚ್ಚಾಗಿ ಗಾಳಿಯಿಂದಲೇ ಸಿಗಬೇಕು, ಲೆನ್ಸ್ ಅಡ್ಡ ಬಂದರೆ ಹೀಗಾಗುತ್ತದಂತೆ.

ನನಗೆ ಸಿಟ್ಟಿರುವುದು ಅದಕ್ಕಿಂತ ಮುಂಚಿನ ಮೂರು ತಿಂಗಳ ಬಗ್ಗೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿದಾಗ ಒಂದು ಬಾಟಲಿ ಡ್ರಾಪ್ಸ್ ಕೊಟ್ಟರು, ದಿನಕ್ಕೆ ಎಂಟು ಸಲ ಹಾಕಿದೆ, ಹಾಕಿದಷ್ಟೂ ಉರಿ ಜಾಸ್ತಿ. ಅದರಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಇತ್ತು. ಬಾಟಲಿ ಕೆಡದಂತೆ ಹಾಕುವ ಆ ಪ್ರಿಸರ್ವೇಟಿವ್ ಪದೇ ಪದೇ ಬಿದ್ದರೆ ಕಣ್ಣಿನ ಮೇಲ್ಪದರಕ್ಕೇ ಪೆಟ್ಟು. ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಯಾರು ಓದುತ್ತಾರೆ ಹೇಳಿ?

ಲೆನ್ಸ್ ಪೂರ್ತಿ ನಿಲ್ಲಿಸಿ, ಪ್ರಿಸರ್ವೇಟಿವ್ ಇಲ್ಲದ, ಒಂದೊಂದು ಸಲಕ್ಕೆ ಒಂದೊಂದು ಅಂತ ಬರುವ ಪುಟ್ಟ ಟ್ಯೂಬ್‌ಗಳಿಗೆ ಬದಲಾಯಿಸಿದೆ. ಮೊದಮೊದಲು ಇದೂ ಬೇಜಾರೇ. ಬಾಟಲಿಗಿಂತ ಎಷ್ಟೋ ಪಾಲು ದುಬಾರಿ. ಟ್ಯೂಬಿನ ಕತ್ತು ತಿರುಚಿ ಮುರಿದ ಮೇಲೆ ತುದಿ ಚೂಪಾಗಿ ಉಳಿಯುತ್ತೆ, ಎರಡು ಸಲ ರೆಪ್ಪೆಗೆ ತಾಗಿ ನೀರು ಬಂತು. ತೆರೆದದ್ದನ್ನು ನಾಳೆಗೆ ಇಡೋ ಹಾಗೂ ಇಲ್ಲ.

ಆದರೆ ರಾತ್ರಿ ಇದನ್ನು ಹಾಕುವ ಹೊತ್ತು ಈಗ ನನಗೆ ದಿನದ ಇಷ್ಟದ ಹೊತ್ತು. ಅಮ್ಮನ ಹಳೇ ಕಾಟನ್ ಸೀರೆ ತುಂಡನ್ನು ಬಿಸಿನೀರಲ್ಲಿ ಅದ್ದಿ, ಹಿಂಡಿ, ಮುಚ್ಚಿದ ಕಣ್ಣ ಮೇಲೆ ಹತ್ತು ನಿಮಿಷ ಇಡುತ್ತೇನೆ. ಎರಡೇ ನಿಮಿಷಕ್ಕೆ ಆರುತ್ತೆ, ಮತ್ತೆ ಅದ್ದಬೇಕು. ರೆಪ್ಪೆ ಅಂಚಿನ ಎಣ್ಣೆ ಗ್ರಂಥಿಗಳು ಕಟ್ಟಿಕೊಂಡಿದ್ದರೆ ಈ ಶಾಖಕ್ಕೆ ಸಡಿಲ ಆಗುತ್ತವೆ. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಮೆಲ್ಲಗೆ ನೀವುವುದು. ಕೊನೆಗೆ ಟ್ಯೂಬ್ ಟಕ್ ಅಂತ ಮುರಿದು, ಕೆಳರೆಪ್ಪೆ ಎಳೆದು, ಒಂದೇ ಹನಿ. ಮೂಗಿನ ಪಕ್ಕದ ಮೂಲೆ ಒತ್ತಿಕೊಂಡು ಒಂದು ನಿಮಿಷ ಸುಮ್ನೆ ಕೂತರೆ ಆ ತಂಪು ಒಳಗೇ ನಿಲ್ಲುತ್ತೆ.

ಬರೀ ಹನಿಯಿಂದ ವಾಸಿ ಆಯಿತು ಅನ್ನಲ್ಲ. ಮೊದಲ ಕೆಲವು ವಾರ ಸ್ಟೀರಾಯ್ಡ್ ಹನಿಯೂ ಇತ್ತು, ಆದರೆ ಅದು ಕಣ್ಣಿನ ಒತ್ತಡ ಏರಿಸಬಹುದು, ದಯವಿಟ್ಟು ಡಾಕ್ಟರ್ ಹೇಳದೆ ತರಬೇಡಿ. ಮೊದಲು ಕಣ್ಣು ಮಿಟುಕಿಸಿದ ಮೇಲೆ ಕಣ್ಣೀರಿನ ಪದರ ಮೂರೇ ಸೆಕೆಂಡಿಗೆ ಒಡೆಯುತ್ತಿತ್ತು, ಹೋದ ತಿಂಗಳು ಒಂಬತ್ತು ಬಂತು. ಹಸಿರು ಚುಕ್ಕಿ ಬಹುತೇಕ ಹೋಗಿವೆ. ರಕ್ತನಾಳಗಳಲ್ಲಿ ಈಗ ರಕ್ತ ಹರಿಯುತ್ತಿಲ್ಲ, ಆದರೆ ಗೆರೆ ಉಳಿದಿದೆ.

ತಂಗಿ ಮದುವೆಗೂ ಕನ್ನಡಕದಲ್ಲೇ ಹೋದೆ. ಟ್ಯೂಬ್ ತುದಿಯನ್ನು ಸ್ವಲ್ಪ ದುಂಡಗೆ ಮಾಡಿದ್ದಿದ್ದರೆ ಪೂರ್ತಿ ಐದು ಸ್ಟಾರ್ ಕೊಡುತ್ತಿದ್ದೆ, ಈಗ ನಾಲ್ಕು.