ಚಪ್ಪಡಿ, ಆರ್‌ಸಿಸಿ, ಮಣ್ಣಿನ ಬ್ಲಾಕ್: ನಮ್ಮ ಕಡೆಯ ಶಾಲಾ ಕೊಠಡಿಗೆ ಯಾವುದು ವಾಸಿ?

ಚಿಂತಾಮಣಿ ಸುತ್ತಮುತ್ತ ಪಾಠ ಮಾಡುತ್ತ ಬಂದ ನಾನು ಮೂರು ಬಗೆಯ ಕೊಠಡಿಗಳಲ್ಲೂ ಬೇಸಿಗೆ, ಮಳೆಗಾಲ ಕಳೆದಿದ್ದೇನೆ. ಪರಿಸರಸ್ನೇಹಿ ಶಾಲೆ ಎಂದೊಡನೆ ಎಲ್ಲರೂ ಗೋಡೆಯ ಮಾತೆತ್ತುತ್ತಾರೆ. ನನ್ನ ಅನುಭವದಲ್ಲಿ ಸೆಕೆಯನ್ನು ತೀರ್ಮಾನಿಸುವುದು ಚಾವಣಿ.

ಸಾಲಿಡ್ ಬ್ಲಾಕಿನ ಆರ್‌ಸಿಸಿ ಕೊಠಡಿ ಬೇಗ ಏಳುತ್ತದೆ, ಗುತ್ತಿಗೆದಾರರಿಗೂ ರೂಢಿಯಾಗಿದೆ. ಆದರೆ ತಾರಸಿ ಹೀರಿಕೊಂಡ ಬಿಸಿಲಿನ ಕಾವು ಒಳಗಿಳಿಯಲು ಕೆಲವು ಗಂಟೆ ಬೇಕಾಗುವುದರಿಂದ ಅದರ ಕಾಟ ಸರಿಯಾಗಿ ಕೊನೆಯ ಪೀರಿಯಡ್‌ಗಳಿಗೇ ತಟ್ಟುತ್ತದೆ. ಹೊರಗೆ ಬಿಸಿಲು ಇಳಿದರೂ ಚಾವಣಿಗೆ ತೂಗುಹಾಕಿದ ಥರ್ಮಾಮೀಟರ್ ಏರುತ್ತಲೇ ಇದ್ದುದನ್ನು ಏಳನೆಯ ತರಗತಿಯ ಮಕ್ಕಳು ತಾವೇ ಬರೆದಿಟ್ಟರು.

ಸೈಜುಕಲ್ಲಿನ ಗೋಡೆ, ಚಪ್ಪಡಿ ಹೊದಿಕೆಯ ಹಳೆಯ ಕೊಠಡಿ ತಂಪು, ಕಲ್ಲೂ ಹತ್ತಿರದ್ದೇ. ಆದರೆ ಕಿಟಕಿ ಚಿಕ್ಕದು, ಹಿಂದಿನ ಸಾಲಿಗೆ ಕರಿಹಲಗೆ ಕಾಣದು, ಸಂದುಗಳಲ್ಲಿ ಮಳೆನೀರು ಜಿನುಗುತ್ತದೆ.

ಮೂರನೆಯದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಬೆಳೆಸಿದ ವಿಧಾನದ ಮಣ್ಣಿನ ಬ್ಲಾಕ್. ಕೆಮ್ಮಣ್ಣು, ಮರಳಿಗೆ ಶೇಕಡಾ 7ರಷ್ಟು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಒದ್ದೆ ಗೋಣಿಯ ಕೆಳಗೆ ಮೂರು ವಾರ ಕ್ಯೂರಿಂಗ್ ಮಾಡಿದರೆ ಸಾಕು, ಗೂಡಿನಲ್ಲಿ ಸುಡಬೇಕಿಲ್ಲ. ಅದರ ಮೇಲಿನ ಫಿಲ್ಲರ್ ಸ್ಲ್ಯಾಬಿನಲ್ಲಿ, ಭಾರ ಹೊರದ ಕೆಳಭಾಗದ ಕಾಂಕ್ರೀಟಿನ ಬದಲು ಮಂಗಳೂರು ಹೆಂಚುಗಳನ್ನು ಜೋಡಿಯಾಗಿ ಕೂರಿಸುತ್ತಾರೆ. ಹೆಂಚುಗಳ ನಡುವಿನ ಗಾಳಿ ಕಾವನ್ನು ತಡೆಯುತ್ತದೆ, ಸಿಮೆಂಟೂ ಉಳಿಯುತ್ತದೆ. ಮಧ್ಯಾಹ್ನದ ಗಣಿತ ಪಾಠಕ್ಕೆ ನಾನು ಆರಿಸಿಕೊಳ್ಳುವುದು ಈ ಕೊಠಡಿಯನ್ನೇ. ಕೊರತೆಯೂ ಇದೆ: ಸೂರಿನ ಚಾಚು ಸಾಲದ ಮೂಲೆಯಲ್ಲಿ ಮಳೆಹನಿ ಎರಚಿ ಕೆಳಗಿನ ಎರಡು ವರಸೆಗಳ ಅಂಚು ಉದುರಿದೆ, ಉಳಿದದ್ದನ್ನು ಮಕ್ಕಳು ಕೈವಾರದ ಮೊನೆಯಿಂದ ಕೆರೆದು ಹೆಸರು ಬರೆದಿದ್ದಾರೆ. ಪಾಯದಿಂದ ಮೊಣಕಾಲೆತ್ತರದವರೆಗೆ ಸೈಜುಕಲ್ಲನ್ನೇ ಕಟ್ಟಿಸುವುದು ಲೇಸು.

ಮಳೆನೀರಿನ ವಿಷಯದಲ್ಲಿ ಆರ್‌ಸಿಸಿ, ಫಿಲ್ಲರ್ ಸ್ಲ್ಯಾಬ್ ಎರಡೂ ಸಮ. ಮಣ್ಣು ಹೊದ್ದ ಚಪ್ಪಡಿಯ ನೀರು ಕದಡಿರುತ್ತದೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುವ ಹಳ್ಳಿಗಳು ಈ ಸೀಮೆಯಲ್ಲಿ ಇರುವುದರಿಂದ ಇದು ಸಣ್ಣ ಮಾತಲ್ಲ. ನೂರು ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದು, ಅದರ ಶೇಕಡಾ 80ರಷ್ಟು ಹಿಡಿದರೂ 56,000 ಲೀಟರ್ ಆಗುತ್ತದೆ. ಪರಿಸರ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ.

ಹೊಸದಾಗಿ ಕಟ್ಟಿಸುವವರಿಗೆ ನಾನು ಹೇಳುವುದು ಮಣ್ಣಿನ ಬ್ಲಾಕ್, ಫಿಲ್ಲರ್ ಸ್ಲ್ಯಾಬ್ ಜೋಡಿಯನ್ನೇ. ಚಪ್ಪಡಿ ಕೊಠಡಿ ಗಟ್ಟಿಯಾಗಿದ್ದರೆ ಕೆಡವದೆ ಸಂದಿಗೆ ಗಾರೆ ತುಂಬಿಸಿ, ಒಳಗೋಡೆಗೆ ಸುಣ್ಣ ಹೊಡೆಸಿ. ಆರ್‌ಸಿಸಿಯೇ ಇರುವ ಕಡೆ, ಶಿವರಾತ್ರಿಯೊಳಗೆ ತಾರಸಿಗೆ ಎರಡು ಕೋಟ್ ಬಿಳಿ ಸುಣ್ಣ ಬಳಿಸಿದರೆ ಆ ಬೇಸಿಗೆಯಲ್ಲೇ ವ್ಯತ್ಯಾಸ ತಿಳಿಯುತ್ತದೆ.