ಅಮ್ಮನ ಜೊತೆ ಎರಡು ಬೆಟ್ಟ: ಮುಳ್ಳಯ್ಯನಗಿರಿ, ಶ್ರವಣಬೆಳಗೊಳ

ಅಮ್ಮನಿಗೆ ಅರವತ್ತೆಂಟು. "ಮಂಡಿ ಮಾತು ಕೇಳೋವಾಗ್ಲೇ ಎರಡೂ ಬೆಟ್ಟ ಹತ್ತಿಸ್ಬಿಡು ಕಣೇ" ಅಂದರು. ಒಂದೇ ತಿಂಗಳಲ್ಲಿ ಎರಡಕ್ಕೂ ಹೋಗಿಬಂದೆವು. ಹಾಸನದಿಂದ ಎರಡೂ ಬೆಳಿಗ್ಗೆ ಹೊರಟು ಸಂಜೆ ಮನೆ ಸೇರುವ ದಾರಿಯೇ.

ನೋಟಕ್ಕಾದರೆ ಮುಳ್ಳಯ್ಯನಗಿರಿಯನ್ನು ಮೀರಿಸುವುದು ಇನ್ನೊಂದಿಲ್ಲ. 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಕಡೇ ಮೆಟ್ಟಿಲುಗಳಲ್ಲಿ ಗಾಳಿ ಸೆರಗು ಕಿತ್ತುಕೊಂಡು ಹೋಗುವ ಹಾಗೆ ಬೀಸುತ್ತದೆ. ಆದರೆ ನಾವು ಹೋದದ್ದು ಭಾನುವಾರ. ಬಾಡಿಗೆ ಜೀಪಿನವರು ಕೊಟ್ಟದ್ದು ಮುಕ್ಕಾಲು ಗಂಟೆ. ಹತ್ತಿ ಇಳಿಯುವುದಕ್ಕೇ ಅದು ಸರಿಹೋಯಿತು. ಮೇಲಿನ ಮುಳ್ಳಯ್ಯನ ಗದ್ದುಗೆಯ ಮುಂದೆ ಫೋಟೋ ತೆಗೆಯುವವರ ಸಾಲು, ಹಿಂದಿನಿಂದ ನೂಕು. ಅಮ್ಮ ಮಂಗಳಾರತಿ ತೆಗೆದುಕೊಂಡು ಕಣ್ಣು ಮುಚ್ಚುವಷ್ಟರಲ್ಲಿ ಯಾರೋ "ಸ್ವಲ್ಪ ಸರೀರಿ ಅಮ್ಮಾ" ಅಂದರು. ಜೀಪಿನಲ್ಲಿ ಅವರು ಹೇಳಿದ್ದು ಒಂದೇ ಮಾತು: "ದೇವರ ಮುಂದೆ ಕೂತ್ಕೊಳ್ಳೋಕೇ ಆಗ್ಲಿಲ್ಲ."

ಶ್ರವಣಬೆಳಗೊಳಕ್ಕೆ ವಾರದ ನಡುವೆ ಹೋದೆವು. ಹಾಗಾಗಿ ನನ್ನ ತಕ್ಕಡಿ ಪೂರ್ತಿ ಸಮ ಇಲ್ಲ, ನಿಜ. ಆದರೂ ದೊಡ್ಡಬೆಟ್ಟದಲ್ಲಿ ಹತ್ತುವುದೇ ಪೂಜೆಯ ಹಾಗಿದೆ. ಬರಿಗಾಲು, ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ. ಡೋಲಿಯವರು ಕರೆದರು, ಅಮ್ಮ ಬೇಡ ಎಂದರು. ನಾಲ್ಕು ಕಡೆ ಕೂತರು, ಕೆಳಗಿನ ಕಲ್ಯಾಣಿ ನೋಡಿದರು, ಮತ್ತೆ ಎದ್ದರು. ಯಾರೂ ಅವಸರ ಮಾಡಲಿಲ್ಲ.

ಮೇಲೆ ಚಾವುಂಡರಾಯ ಸುಮಾರು 981ರಲ್ಲಿ ಮಾಡಿಸಿದ 58 ಅಡಿಯ ಬಾಹುಬಲಿ. ಕಾಲ ಬಳಿ ಹುತ್ತ, ತೋಳಿಗೆ ಹಬ್ಬಿದ ಬಳ್ಳಿ. ಅಮ್ಮನ ಕಣ್ಣು ಮಾತ್ರ ಎದುರಿಗಿದ್ದ ಗುಳ್ಳಕಾಯಜ್ಜಿಯ ಮೂರ್ತಿಯ ಮೇಲೆ ನಿಂತಿತು. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಪೂರ್ತಿಯಾಗಲಿಲ್ಲ, ಅಜ್ಜಿ ಗುಳ್ಳಕಾಯಿಯಲ್ಲಿ ತಂದ ಒಂದಿಷ್ಟು ಹಾಲು ಮುಡಿಯಿಂದ ಅಡಿವರೆಗೂ ಇಳಿಯಿತು ಎಂಬ ಕಥೆಯನ್ನು ನನಗೆ ಚಿಕ್ಕಂದಿನಲ್ಲಿ ಹೇಳಿದ್ದವರೇ ಅಮ್ಮ. ಅಲ್ಲಿ ನೆರಳಲ್ಲಿ ಒಂದು ಗಂಟೆ ಕೂತೆವು. ನಾವು ಜೈನರಲ್ಲ, ಯಾರೂ ಕೇಳಲೂ ಇಲ್ಲ.

ಇಳಿಯುವಾಗ ಮಾತ್ರ ಕಷ್ಟ. ಹನ್ನೊಂದರ ಬಿಸಿಲಿಗೆ ಬಂಡೆ ಕಾದ ಹೆಂಚು. ಕೆಳಗೆ ಮಾರುವ ಕಾಲುಚೀಲ ಕೊಂಡೇ ಹತ್ತಿ, ಬೆಳಿಗ್ಗೆ ಬೇಗ ಹತ್ತಿ. ಮಂಡಿ ನೋವು ಜೋರಾಗಿದ್ದರೆ ಎದುರಿನ ಚಿಕ್ಕಬೆಟ್ಟವೇ ಸಾಕು: ಮೆಟ್ಟಿಲು ಕಡಿಮೆ, ಜನವೂ ಕಡಿಮೆ, ಜೈನ ಮುನಿ ಭದ್ರಬಾಹುವಿನ ಗುಹೆ ಇದೆ, ಚಂದ್ರಗುಪ್ತ ಬಸದಿಯ ಜಾಲಂಧ್ರ, ಅಂದರೆ ಕಲ್ಲಿನಲ್ಲಿ ಕೆತ್ತಿದ ಜಾಲರಿ, ನೋಡಲೇಬೇಕು.

ವಯಸ್ಸಾದವರನ್ನು ಮೊದಲ ಸಲ ಕರೆದುಕೊಂಡು ಹೋಗುವವರಿಗೆ ನಾನು ಬೆಳಗೊಳವನ್ನೇ ಹೇಳುತ್ತೇನೆ. ಅಮ್ಮ ಒಪ್ಪುತ್ತಾರೆ, ಆದರೆ ಬಿಡುವುದಿಲ್ಲ. "ಮುಳ್ಳಯ್ಯಂಗೆ ಇನ್ನೂ ಸರಿಯಾಗಿ ಕೈ ಮುಗಿದಿಲ್ಲ" ಅನ್ನುತ್ತಿದ್ದಾರೆ. ಬರುವ ಮಂಗಳವಾರ ರಜೆ ಹಾಕಿದ್ದೇನೆ. ಈ ಸಲ ಜೀಪಿನವರ ಹತ್ತಿರ ಎರಡು ಗಂಟೆ ಅಂತ ಮೊದಲೇ ಮಾತಾಡಿಕೊಳ್ಳುತ್ತೇನೆ.